ತೂಕಡಿಕೆ ಮಂಟಪ

ಸುಮಧ್ವನ ಆರು ವರ್ಷದ ಸಂಶೋಧನೆಯನ್ನು ಕೆಡವಿದ್ದು ಇಲ್ಲದ ಒಂದು ಮಂಟಪ.

ಆ ಮಂಟಪಕ್ಕೆ ಹೆಸರಿಟ್ಟವನೂ ಅವನೇ. ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಮನೆಯ ಮೇಲಿನ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತಿದ್ದಾಗ, ಹಂಪಿಯ ಸುತ್ತ ಎಲ್ಲೂ ಇರದ ಹತ್ತು ಜಾಗಗಳ ಪಟ್ಟಿ ಮಾಡಲು ಕುಳಿತಿದ್ದ. 'ಎಡಗೈ ಬಾವಿ' ಎಂದು ಬರೆದ. 'ಮರೆತವರ ಅಗಸೆ' ಎಂಬ ಊರಬಾಗಿಲನ್ನು ಬರೆದ. ಮೂರನೆಯದು ಹೊಳೆಯುವ ಮೊದಲೇ ತಲೆ ಎದೆಯ ಮೇಲೆ ವಾಲಿತು. ಎಚ್ಚರವಾದಾಗ ನಾಚಿಕೊಂಡು 'ತೂಕಡಿಕೆ ಮಂಟಪ' ಎಂದು ಬರೆದ. ಸಾಸಿವೆಕಾಳಿನ ಹೆಸರಲ್ಲೂ ಕಡಲೆಕಾಳಿನ ಹೆಸರಲ್ಲೂ ಗಣಪತಿ ಕುಳಿತಿರುವ ಊರಿನಲ್ಲಿ ತೂಕಡಿಕೆಯ ಹೆಸರಿನ ಮಂಟಪವೊಂದು ಇದ್ದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಪಟ್ಟಿ ಬೇಕಾಗಿದ್ದುದು ಅವನ ಸಿದ್ಧಾಂತದ ಪರೀಕ್ಷೆಗೆ. ಸುಮಧ್ವ ಹೊಸಪೇಟೆಯ ಖಾಸಗಿ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕ. ವಯಸ್ಸು ಮೂವತ್ತಮೂರು. ಮಾತು ಕಡಿಮೆ, ಪಾಠ ಮಾಡುವಾಗಲೂ ವಾಕ್ಯ ಮತ್ತು ವಾಕ್ಯದ ನಡುವೆ ಹುಡುಗರು ಒಂದು ಸಲ ಮೊಬೈಲು ನೋಡಿ ಮುಗಿಸುವಷ್ಟು ಬಿಡುವು ಕೊಡುತ್ತಿದ್ದ. ಪಿಎಚ್‌ಡಿಗೆ ಅವನು ಆರಿಸಿಕೊಂಡದ್ದು ಭಾಷಾ ಮಾದರಿಗಳನ್ನು, ಅಂದರೆ ಕೇಳಿದ್ದಕ್ಕೆಲ್ಲ ಮನುಷ್ಯರ ಹಾಗೆ ಉತ್ತರ ಬರೆದುಕೊಡುವ ಈಗಿನ ಎಐ ಯಂತ್ರಗಳನ್ನು. ಅವುಗಳ ಬಗ್ಗೆ ಅವನು ಮಂಡಿಸಿದ್ದು 'ಮೌನ ಸಿದ್ಧಾಂತ'.

ಅದು ಸರಳವಾಗಿತ್ತು. ಈ ಮಾದರಿಗಳು ಕಲಿಯುವುದು ಜನ ಬರೆದಿಟ್ಟದ್ದನ್ನು ಓದಿ. ಗೊತ್ತಿದ್ದವರು ಬರೆಯುತ್ತಾರೆ, ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಸುಮ್ಮನಿದ್ದವರ ಮೌನ ಯಾವ ಪುಟದಲ್ಲೂ ಅಚ್ಚಾಗುವುದಿಲ್ಲ. ಆದ್ದರಿಂದ 'ಗೊತ್ತಿಲ್ಲ' ಎನ್ನುವುದನ್ನು ಮಾದರಿ ಕಲಿಯುವುದು ಸಾಧ್ಯವೇ ಇಲ್ಲ. ಇಲ್ಲದ ಜಾಗವನ್ನು ಕೇಳಿದರೂ ದಾರಿ ಕಟ್ಟಿ ಹೇಳುತ್ತದೆ. ಮನುಷ್ಯ ಹಾಗಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾನೆ. ಮೌನವನ್ನು ಬಲ್ಲವನು ಮನುಷ್ಯ, ಅರಿಯದ್ದು ಯಂತ್ರ. ಈ ಕೊನೆಯ ವಾಕ್ಯ ಬರೆದ ದಿನ ಅವನ ಕಣ್ಣಲ್ಲಿ ನೀರಾಡಿತ್ತು.

ಪ್ರಯೋಗ ಮಾಡುವವರೆಗೆ ಸಿದ್ಧಾಂತ ಬಹಳ ಚೆನ್ನಾಗಿತ್ತು.

ಮೊದಲು ಮಾದರಿಯನ್ನು ಕೇಳಿದ. 'ತೂಕಡಿಕೆ ಮಂಟಪ ಎಂಬ ಜಾಗದ ಬಗ್ಗೆ ನನಗೆ ಮಾಹಿತಿ ಇಲ್ಲ, ಕ್ಷಮಿಸಿ' ಎಂದು ಅದು ವಿನಯದಿಂದ ಬರೆಯಿತು. ಹತ್ತು ಜಾಗಗಳಲ್ಲಿ ಒಂಬತ್ತಕ್ಕೆ ಇದೇ ಉತ್ತರ. ಆಮೇಲೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಹತ್ತತ್ತು ಜನರನ್ನು ಕೇಳಿದ. ನಲವತ್ತು ಜನರಲ್ಲಿ ನಲವತ್ತೂ ಜನ ದಾರಿ ಹೇಳಿದರು.

ಕಂಪ್ಲಿಯ ಅಕ್ಕಿ ಗಿರಣಿಯ ಮುಂದೆ ನಿಂತಿದ್ದ ಹೊನ್ನೂರುಸ್ವಾಮಿ ಎಂಬಾತ, ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು, ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಎರಡು ಕಿಲೋಮೀಟರು ಕರೆದೊಯ್ದು, "ಇಲ್ಲಿಂದ ನೆಟ್ಟಗ ಹೋಗ್ರಿ" ಎಂದು ಕಬ್ಬಿನ ಗದ್ದೆಯೊಂದರ ಮುಂದೆ ಇಳಿಸಿ ಹೋದ. ಸಂಡೂರಿನ ಬಸ್ ನಿಲ್ದಾಣದಲ್ಲಿ ಇಬ್ಬರು ಗೆಳೆಯರು ಎಡಕ್ಕೋ ಬಲಕ್ಕೋ ಎಂದು ವಾದಕ್ಕೆ ಬಿದ್ದು ಮಾತು ಬಿಟ್ಟರು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಕಾರ್ಮಿಕನೊಬ್ಬ ಕಣ್ಣು ತೆರೆಯದೆಯೇ ಕೈಯೆತ್ತಿ ದಿಕ್ಕು ತೋರಿಸಿದ. ಹಂಪಿಯಲ್ಲಿ ಒಬ್ಬನೇ ಒಬ್ಬ 'ಗೊತ್ತಿಲ್ಲ' ಎಂದಿದ್ದ. ಆತ ಭೋಪಾಲದಿಂದ ಬಂದ ಪ್ರವಾಸಿ, ಲೆಕ್ಕಕ್ಕೆ ಬರುವಂತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಅವನೂ ಯಾರನ್ನೋ ಕೇಳಿಕೊಂಡು ಏದುಸಿರು ಬಿಡುತ್ತ ಓಡಿಬಂದು ದಾರಿ ಹೇಳಿದ.

ಯಂತ್ರ ಮೌನ ಬಲ್ಲದು, ಮನುಷ್ಯ ಅರಿಯ ಎಂದಾಯಿತು. ಸಿದ್ಧಾಂತದ ಎರಡು ಕಾಲೂ ಒಂದೇ ಪೆಟ್ಟಿಗೆ ಮುರಿದಿದ್ದವು.

ಇಷ್ಟಾಗಿ ಒಂದು ವಾರಕ್ಕೆ, ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅವನ ಮಾರ್ಗದರ್ಶಕರಾದ ತಿರುಮಲ ಸರ್ ಫೋನ್ ಮಾಡಿದರು.

"ಸುಮಧ್ವ, ಸಭೆ ಇವತ್ತ ಮೂರು ಗಂಟೆಗೆ. ಹೊರಗಿನ ತಜ್ಞರು ಉಚ್ಚೆಂಗಪ್ಪನವರು ಆಗಲೇ ಹೊಂಟಾರಂತ."

"ಮುಂದಿನ ವಾರ ಅಂದಿದ್ರಿ ಸರ್."

"ಮುಂದಿನ ವಾರ ಅವರ ಮನ್ಯಾಗ ಮದುವಿ ಅದ. ನೋಡಪಾ, ನಿನ್ನ ಆರು ವರ್ಷ ಈ ತಿಂಗಳಿಗೆ ಮುಗೀತಾವ. ಒಂದು ವರ್ಷ ಹೆಚ್ಚಿಗಿ ಬೇಕಂದ್ರ ಅವರ ಸಹಿ ಬೇಕು, ನಂದು ಬೇಕು, ಮುಖ್ಯಸ್ಥರು ಶ್ರೀಲಕ್ಷ್ಮೀ ಮೇಡಂದು ಬೇಕು. ಒಂದು ಕಡಿಮಿ ಆದ್ರೂ ನೋಂದಣಿ ರದ್ದು."

"ಸಿದ್ಧಾಂತ ಬಿದ್ದುಹೋಗ್ಯದ ಸರ್."

"ಬಿದ್ರ ಎಬ್ಬಸು. ತಿದ್ದಿದ ಸಿದ್ಧಾಂತ ಒಂದು, ಅದಕ್ಕ ಹೊಸಾ ಪ್ರಯೋಗ ಒಂದು, ಎರಡೂ ಹಿಡ್ಕೊಂಡು ಬಾ. ನನ್ನ ಸಹಿ ಬಗ್ಗೆ ನೀ ಚಿಂತಿ ಮಾಡಬ್ಯಾಡ, ಅದು ಇದ್ದಂಗ."

ಎಂಟು ಗಂಟೆಗಳ ಸಮಯವಿತ್ತು. ಸುಮಧ್ವ ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತ. ಬಿಸಿಲಿಗೆ ಕರಟಿ, ಬಾಡಿ, ಹುಟ್ಟಿದಂದಿನಿಂದ ದಾರಿ ತಪ್ಪಿದವನಂತಿದ್ದ ಒಂದು ಮುಖ ಕನ್ನಡಿಯಲ್ಲಿತ್ತು. ನೋಡುತ್ತಿದ್ದಂತೆ ಕೈ ನಿಂತಿತು. ಈ ಮುಖ ಹೊತ್ತು ಎದುರಿಗೆ ನಿಂತರೆ ಯಾರಿಗೆ ತಾನೆ 'ಗೊತ್ತಿಲ್ಲ' ಎನ್ನಲು ಮನಸ್ಸು ಬಂದೀತು? ಮಾದರಿಗೆ ಮುಖ ಕಾಣುವುದಿಲ್ಲ, ಅದಕ್ಕೆ ಧೈರ್ಯವಾಗಿ ಹೇಳುತ್ತದೆ. ಮುಖ ಕಾಣದಿದ್ದರೆ ಮನುಷ್ಯನೂ ಸುಮ್ಮನಿರುತ್ತಾನೆ. ಅರ್ಧ ಗಡ್ಡದಲ್ಲೇ ಹೋಗಿ ಕಾಗದದ ಮೇಲೆ 'ಮುಖ ಸಿದ್ಧಾಂತ' ಎಂದು ಬರೆದು ಕೆಳಗೆ ಗೆರೆ ಎಳೆದ.

ಪ್ರಯೋಗವೂ ಸುಲಭವಿತ್ತು. 'ಚಿತ್ತವಾಡ್ಗಿ ಹಿತೈಷಿಗಳು' ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನರಿದ್ದರು. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೆ ಎಂದು ಕೇಳಿದರೂ ಅಲ್ಲಿ ಯಾರೂ ಉತ್ತರಿಸುತ್ತಿರಲಿಲ್ಲ. ಎಂಟು ಗಂಟೆ ಹತ್ತು ನಿಮಿಷಕ್ಕೆ ಸುಮಧ್ವ ಅಲ್ಲಿ ಬರೆದ: 'ತೂಕಡಿಕೆ ಮಂಟಪಕ್ಕೆ ದಾರಿ ಗೊತ್ತಿದ್ದವರು ತಿಳಿಸಿ.'

ನಾಲ್ಕು ನಿಮಿಷ ಏನೂ ಇಲ್ಲ. ಸುಮಧ್ವ ಆ ಮೌನವನ್ನು ಎಳನೀರಿನಂತೆ ಗುಟುಕು ಗುಟುಕಾಗಿ ಕುಡಿದ. ಆರು ವರ್ಷಗಳಲ್ಲಿ ಅವನು ಅಷ್ಟು ಸುಖವಾಗಿದ್ದುದು ಆ ನಾಲ್ಕು ನಿಮಿಷ ಮಾತ್ರ.

ಐದನೆಯ ನಿಮಿಷಕ್ಕೆ ಫೋನು ಒಮ್ಮೆ ಟಿಣ್ ಎಂದಿತು. ಆಮೇಲೆ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಬಿಡದೆ ಸಿಡಿಯತೊಡಗಿತು. ಒಬ್ಬರು ನಕ್ಷೆ ಬಿಡಿಸಿ ಕಳಿಸಿದರು. ಒಬ್ಬರು ತಮ್ಮ ಮದುವೆಯ ಫೋಟೊ ಹಾಕಿ, ಹಿಂದೆ ಮಸುಕಾಗಿ ಕಾಣುವುದೇ ಆ ಮಂಟಪ ಎಂದರು. ಇನ್ನೊಬ್ಬರು, ಇಂದು ಮಂಗಳವಾರ, ಮಂಟಪಕ್ಕೆ ರಜೆ ಎಂದರು. ಒಂಬತ್ತಕ್ಕೆ ಅರವತ್ತಮೂರು ಉತ್ತರಗಳಾಗಿದ್ದವು. ಸುಮಧ್ವ 'ಮುಖ ಸಿದ್ಧಾಂತ'ದ ಮೇಲೆ ಅಡ್ಡಗೆರೆ ಎಳೆದ. ಅದು ಐವತ್ತು ನಿಮಿಷ ಬದುಕಿತ್ತು.

ಅಷ್ಟರಲ್ಲಿ ಕೆಳಗಿನಿಂದ ದನಿ ಕೇಳಿತು. "ಏನಪಾ ಸುಮಧ್ವ, ತೂಕಡಿಕಿ ಮಂಟಪ ಕೇಳಿದ್ಯಂತ?"

ಪಕ್ಕದ ಮನೆಯ ನಾಗೇಂದ್ರಪ್ಪ. ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತರಾದವರು. ಯಾರು ಯಾವ ಸಾಮಾನು ಕೇಳಿದರೂ 'ಇಲ್ಲ' ಎನ್ನದೆ ಹುಡುಕಿ ಕೊಟ್ಟು ರೂಢಿಯಾಗಿತ್ತು. ನಿವೃತ್ತಿಯಾದ ಮೇಲೂ ರೂಢಿ ಹೋಗಿರಲಿಲ್ಲ.

"ಸುಮ್ನ ಕೇಳಿದ್ದೆ ರಿ," ಎಂದ ಸುಮಧ್ವ, ಮೆಟ್ಟಿಲಿಳಿಯುತ್ತ.

"ಸುಮ್ನ ಯಾರ ಕೇಳ್ತಾರ. ನಾವು ಫ್ಯಾಕ್ಟ್ರಿಯಿಂದ ಪಿಕ್ನಿಕ್ ಹೋದಾಗ ಬುತ್ತಿ ಬಿಚ್ಚಿದ್ದ ಅಲ್ಲಿ. ಮೂವತ್ತು ಮಂದಿ ಇದ್ವಿ. ಆದ್ರ ಗುಂಪಿನಾಗ ನೋಡು, ಆ ಬಟ್ಟಿ ಅಂಗಡಿಯಾತ ಹೊಳಿ ಆಚಿಗೆ ಐತಿ ಅಂತ ಬರದಾನ. ನಂಗ ತಡ್ಕಳಾಕ ಆಗ್ಲಿಲ್ಲ. ನಡಿ, ತೋರಿಸೇ ಬಿಡ್ತೀನಿ."

"ಇವತ್ತ ಬ್ಯಾಡ್ರಿ. ಮೂರಕ್ಕ ಸಭೆ ಅದ."

"ಮೂರಕ್ಕಲ್ಲ? ಈಗ ಒಂಬತ್ತು. ಹನ್ನೊಂದಕ್ಕ ವಾಪಸ್ ತಂದು ಬಿಡ್ತೀನಿ. ಹುಲುಗೇಶಾ, ಆಟೋ ತಿರುವು ಲೇ."

ಇಲ್ಲಿ ಸುಮಧ್ವ ನಿಜ ಹೇಳಬಹುದಿತ್ತು. ಪ್ರಯೋಗ ಮುಗಿಯುವವರೆಗೆ ಉತ್ತರ ಕೊಟ್ಟವರಿಗೆ ಗುಟ್ಟು ಬಿಟ್ಟುಕೊಡಬಾರದು ಎಂಬ ನಿಯಮವಿತ್ತು, ಆದರೆ ಅದು ನೆಪ. ಮೂವತ್ತು ಜನ ಕುಳಿತು ಉಂಡ ಮಂಟಪವನ್ನು ಆ ಮನುಷ್ಯನ ಮುಖದೆದುರೇ ಕೆಡವುವುದು ಅವನಿಂದಾಗಲಿಲ್ಲ. ನೆರವಿಗೆಂದು ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ನೋಡಿದ.

"ಹೋಗಿ ಬಾರೋ," ಎಂದರು ವಿಜಯಲಕ್ಷ್ಮೀ. "ನಮ್ಮತ್ತಿಯವರು ಆ ಮಂಟಪದ ಸುದ್ದಿ ಹೇಳ್ತಿದ್ದರು. ಭಾಳ ತಂಪು ಜಾಗ ಅಂತ."

ತಾಯಿ ಸುಳ್ಳು ಹೇಳುವವರಲ್ಲ. ಆಟೋ ಹತ್ತುವಾಗ ಸುಮಧ್ವನಿಗೆ ಒಂದು ಕ್ಷಣ, ಇದ್ದರೂ ಇದ್ದೀತು ಎನ್ನಿಸಿತು.

ಹುಲುಗೇಶ್ ಅದೇ ಓಣಿಯ ಆಟೋದವನು. "ಎರಡ್ ಸಲ ಫಾರಿನ್ನೋರ್ನ ಬಿಟ್ ಬಂದೀನಿ ಸರ ಅಲ್ಲಿಗೆ," ಎಂದ. "ಫುಲ್ ಖುಷಿ ಆಗಿದ್ರು."

"ಹಂಗಾರ ದಾರಿ ಗೊತ್ತೈತಲ್ಲ ನಿಂಗ," ಎಂದರು ನಾಗೇಂದ್ರಪ್ಪ, ತುಸು ಅನುಮಾನದಿಂದ.

"ಗೊತ್ತಿಲ್ಲೇನ್ರಿ ಯಜಮಾನ್ರ. ಆದ್ರೂ ನೀವ್ ಹೇಳ್ತಾ ಹೋಗ್ರಿ, ನಿಮ್ ದಾರಿ ಹತ್ರ ಇರಬೋದು."

"ನೀ ಹೊಡಿ. ತಪ್ಪಿದ್ರ ನಾ ಹೇಳ್ತೀನಿ."

ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ಕಮಲಾಪುರ ದಾಟಿದರು. ಮುಂದೆ ಸಿಕ್ಕವರನ್ನೆಲ್ಲ ಕೇಳುತ್ತ ಹೋದರು. ಬಾಳೆಗೊನೆ ಹೇರುತ್ತಿದ್ದವರು ಹಿಂದಕ್ಕೆ ಹೋಗಲು ಹೇಳಿದರು. ಹಿಂದೆ ಕುರಿ ಮೇಯಿಸುತ್ತಿದ್ದ ಮುದುಕ ಮುಂದಕ್ಕೆ ಹೋಗಲು ಹೇಳಿದ. ಸೈಕಲ್ ತುಳಿಯುತ್ತಿದ್ದ ಪೋಸ್ಟ್‌ಮ್ಯಾನ್ ಇಳಿದು, ಬೆವರು ಒರೆಸಿಕೊಂಡು, "ಮೊದ್ಲು ಇಲ್ಲೇ ಇತ್ತು" ಎಂದ. ಆಟೋ ಅದೇ ನಾಲ್ಕು ಬಂಡೆಗಳನ್ನು ಮತ್ತೆ ಮತ್ತೆ ಸುತ್ತಿತು. ಸುಮಧ್ವ ಹಿಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದ. ಹನ್ನೊಂದು ಹೋಗಿ ಹನ್ನೆರಡಾಯಿತು. ನಾಗೇಂದ್ರಪ್ಪನವರ ಮುಖ, ಉಗ್ರಾಣದಲ್ಲಿ ಇರಲೇಬೇಕಾದ ಸಾಮಾನು ಸಿಗದಿದ್ದಾಗಿನ ಮುಖವಾಯಿತು.

ಕೊನೆಗೆ ರಸ್ತೆಯ ಬದಿಯಲ್ಲಿ ಹೆಸರಿಲ್ಲದ ಒಂದು ಹಾಳು ಮಂಟಪ ಕಂಡಿತು. ನಾಲ್ಕು ಕಂಬ, ಮೇಲೊಂದು ಚಪ್ಪಡಿ, ನೆರಳಲ್ಲಿ ಒಂದು ಆಡು. ಅಂಥವು ಆ ಕಡೆ ಹೊಲಕ್ಕೊಂದು ಇವೆ. ಪಕ್ಕದಲ್ಲಿ ಬಣ್ಣ ಹೋದ ಛತ್ರಿಯ ಕೆಳಗೆ ಭೀಮಮ್ಮ ಎಂಬಾಕೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕುಳಿತಿದ್ದಳು.

"ಯವ್ವಾ, ತೂಕಡಿಕಿ ಮಂಟಪ ಇದ ಅಲ್ಲೇನು?" ಎಂದರು ನಾಗೇಂದ್ರಪ್ಪ. ದನಿ ಕೇಳುವವನದಾಗಿರಲಿಲ್ಲ, ಬೇಡುವವನದಾಗಿತ್ತು.

ಭೀಮಮ್ಮ ಅವರ ಬೆವರು ನೋಡಿದಳು. ಹಿಂದೆ ನಿಂತ ಸುಮಧ್ವನ ಮುಖ ನೋಡಿದಳು. ಬೆಳಗಿನಿಂದ ತುಂಬಿಯೇ ಇದ್ದ ಗಡಿಗೆ ನೋಡಿದಳು.

"ಇದ ರಿ ಯಣ್ಣ. ಕುಂದ್ರಿ, ಮಜ್ಜಿಗಿ ಕುಡೀರಿ. ಹಿಂದಕ ಕಾವಲ ಕಾಯೋರು ಇಲ್ಲೇ ಕುಂತು ತೂಕಡಸ್ತಿದ್ರಂತ. ರಾಜರು ಕುದುರಿ ಮ್ಯಾಲ ಬಂದು ನೋಡಿ, ಪಾಪ, ಮಲಗ್ಲಿ ಬಿಡ್ರಿ ಅಂತ ಮೆಲ್ಲಕ ಹೊಂಟ್ ಹೋದ್ರಂತ."

ಸುಮಧ್ವನಿಗೆ ತಡೆಯಲಾಗಲಿಲ್ಲ. "ಇದನ್ನ ನಿಮಗ ಯಾರು ಹೇಳಿದ್ರಮ್ಮ?"

"ಯಾರ್ ಹೇಳ್ಬೇಕ್ರಿ, ಜಾಗನ ಹೇಳ್ತೈತಲ್ಲ. ಅಲ್ಲಿ ನೋಡ್ರಿ ಬೇಕಾರ."

ನಾಗೇಂದ್ರಪ್ಪ ಎರಡು ಲೋಟ ಮಜ್ಜಿಗೆ ಮುಗಿಸಿ, ಕಂಬಕ್ಕೊರಗಿ, ಗೆದ್ದವರ ನಿದ್ದೆಯಲ್ಲಿದ್ದರು. ಆಡು ಅವರ ಪಕ್ಕ ತಾನೂ ಕಣ್ಣು ಮುಚ್ಚಿತ್ತು.

ಅವರನ್ನು ಎಬ್ಬಿಸುವಂತಿರಲಿಲ್ಲ. ಹುಲುಗೇಶ್ ಸುಮ್ಮನೆ ಕೂರುವವನಲ್ಲ. ಬಿಸ್ಕತ್ತಿನ ಡಬ್ಬದ ರಟ್ಟು ಹರಿದು, 'ತೂಕಡಿಕೆ ಮಂಟಪ' ಎಂದು ದಪ್ಪಗೆ ಬರೆದು, ಭೀಮಮ್ಮನ ಛತ್ರಿಗೆ ತೂಗುಹಾಕಿದ. ಫೋಟೊ ಹೊಡೆದ. ಮಲಗಿದ ನಾಗೇಂದ್ರಪ್ಪನವರದೂ ಹೊಡೆದ. ವಿಡಿಯೊ ಮಾಡಿದ. ಫೋನಿನ ಮ್ಯಾಪಿನಲ್ಲಿ ಆ ಜಾಗಕ್ಕೆ ಗುರುತು ಹಾಕಿದ.

"ಏನ್ ಮಾಡಾಕತ್ತೀಯೋ?" ಎಂದ ಸುಮಧ್ವ.

"ಇನ್ನ ಮ್ಯಾಲೆ ಯಾರೂ ನಿಮ್ಮಂಗ ಬಿಸಿಲಾಗ ಅಲೀಬಾರ್ದು ಸರ. ಐದು ಸ್ಟಾರ್ ಕೊಟ್ಟೀನಿ. ನಮ್ ಗುಂಪಿಗೂ ಹಾಕೀನಿ, ಆಟೋ ಸಂಘದ ಗುಂಪಿಗೂ ಹಾಕೀನಿ."

ಒಂದು ಗಂಟೆಯಾಗುವಷ್ಟರಲ್ಲಿ ಎರಡು ಕಾರು ಬಂದು ನಿಂತವು. ಇಳಿದವರು ಮಜ್ಜಿಗೆ ಕುಡಿದರು, ಕಂಬಕ್ಕೊರಗಿ ಮಲಗಿದಂತೆ ಫೋಟೊ ತೆಗೆಸಿಕೊಂಡರು. ಅವರ ಜೊತೆ ಬಂದಿದ್ದ ಗೈಡು ರಟ್ಟನ್ನು ಒಂದು ಸಲ ಓದಿ, ಗಂಟಲು ಸರಿಮಾಡಿಕೊಂಡು, ಐದು ನಿಮಿಷ ನಿಲ್ಲದೆ ಇತಿಹಾಸ ಹೇಳಿದ. ಸುಮಧ್ವ ಆಡಿನ ಪಕ್ಕ ಕುಳಿತು ಕೇಳಿದ. ತನಗಿಂತ ಆ ಗೈಡಿಗೆ ಮಂಟಪದ ಬಗ್ಗೆ ಹೆಚ್ಚು ಗೊತ್ತಿದೆ ಎನ್ನಿಸಿತು.

ನಾಗೇಂದ್ರಪ್ಪ ಎದ್ದಾಗ ಎರಡು ಗಂಟೆ. ಅವರು ಎದ್ದವರೇ ಫೋನು ನೋಡಿ, "ಬಟ್ಟಿ ಅಂಗಡಿಯಾತ ತಪ್ಪಾತು ಅಂತ ಬರದಾನ" ಎಂದು ತೃಪ್ತಿಯಿಂದ ಮೀಸೆ ತೀಡಿಕೊಂಡರು.

ಹೊಸಪೇಟೆಗೆ ಮರಳುವ ಆಟೋದಲ್ಲಿ, ಎಡಕ್ಕೆ ನಾಗೇಂದ್ರಪ್ಪನವರ ಭುಜ, ಬಲಕ್ಕೆ ಬಿಸಿಗಾಳಿ, ಸುಮಧ್ವನಿಗೆ ಮೂರನೆಯ ಸಿದ್ಧಾಂತ ಹೊಳೆಯಿತು. ಇವರು ಯಾರೂ ಸುಳ್ಳರಲ್ಲ. ಪ್ರಶ್ನೆಯೆಂದರೆ ಒಂದು ಗುಳಿ. ಕಂಡವರು ಮಣ್ಣು ಹಾಕಿ ಮುಚ್ಚುತ್ತಾರೆ, ಯಾರೂ ಎಡವಿ ಬೀಳದಿರಲಿ ಎಂದು. ಭಾಷೆ ಇರುವುದೇ ಅದಕ್ಕೆ. ಹಾಗಾದರೆ ನಮ್ಮ ಬರಹ ಓದಿ ಕಲಿತ ಮಾದರಿಯೂ ಮೊದಲಿಗೆ ನಮ್ಮಂತೆಯೇ ದಾರಿ ಕಟ್ಟಿ ಹೇಳುತ್ತಿದ್ದಿರಬೇಕು. ಆಮೇಲೆ ಯಾರೋ ಅದನ್ನು ಕೂರಿಸಿಕೊಂಡು, ತಿಳಿಯದಿದ್ದರೆ ತಿಳಿಯದು ಎನ್ನು ಎಂದು ಸಾವಿರ ಸಲ ತಿದ್ದಿ ಕಲಿಸಿದ್ದಾರೆ. ನಮ್ಮನ್ನು ಹಾಗೆ ಯಾರೂ ತಿದ್ದಲಿಲ್ಲ. ಮನುಷ್ಯ ತಾನಾಗಿ 'ಗೊತ್ತಿಲ್ಲ' ಎನ್ನಲಾರ. ಕಲಿಸಿದ ಮಾದರಿ ಅನ್ನದೆ ಇರಲಾರದು. ಕಾಗದವಿರಲಿಲ್ಲ. ಅಂಗೈ ಮೇಲೆ ಬರೆದುಕೊಂಡ.

ಮೂರಕ್ಕೆ ಎರಡು ನಿಮಿಷವಿರುವಾಗ ರೈಲು ನಿಲ್ದಾಣದ ಹಿಂದಿನ ಸಂಶೋಧನಾ ಕೇಂದ್ರದ ಮುಂದೆ ಆಟೋ ನಿಂತಿತು. ನಾಗೇಂದ್ರಪ್ಪ ನಡೆದೇ ಮನೆಗೆ ಹೋದರು. ದಾರಿಯಲ್ಲಿ ಬಟ್ಟೆ ಅಂಗಡಿ ಇತ್ತು. "ನಾ ಕಾಯ್ತೀನಿ ಸರ, ನೀವ್ ಹೋಗ್ ಬರ್ರಿ" ಎಂದ ಹುಲುಗೇಶ್.

ಕೋಣೆಯಲ್ಲಿ ಮೂವರಿದ್ದರು. ತಿರುಮಲ ಸರ್, ಶ್ರೀಲಕ್ಷ್ಮೀ ಮೇಡಂ, ನಡುವೆ ಕುಳ್ಳನೆಯ, ಬಿಳಿ ಅಂಗಿಯ ಉಚ್ಚೆಂಗಪ್ಪನವರು. ಅವರ ಎದುರಿಗೆ ಸುಮಧ್ವನ ಕಡತ ತೆರೆದಿತ್ತು; ಬರುವ ದಾರಿಯಲ್ಲಿ ಕಾರಿನಲ್ಲೇ ಪೂರ್ತಿ ಓದಿದ್ದರಂತೆ.

ಸುಮಧ್ವ ಅಂಗಿಯ ಮೇಲಿನ ಮಜ್ಜಿಗೆಯ ಕಲೆಯನ್ನು ಒಂದು ಕೈಯಿಂದ ಮುಚ್ಚಿ, ಇನ್ನೊಂದು ಅಂಗೈ ನೋಡಿಕೊಂಡು ಮಂಡಿಸಿದ. ಮೊದಲ ಸಿದ್ಧಾಂತ ಹೇಗೆ ಬಿತ್ತು, ಎರಡನೆಯದು ಇಂದು ಬೆಳಿಗ್ಗೆ ಹೇಗೆ ಬಿತ್ತು, ಮೂರನೆಯದು ಏನು ಎಂದು ಮುಚ್ಚಿಡದೆ ಹೇಳಿದ. ಉಚ್ಚೆಂಗಪ್ಪನವರು ಕಣ್ಣು ಮುಚ್ಚಿ ಕೇಳಿದರು.

"ಮಾದರಿ ಗೊತ್ತಿಲ್ಲ ಅಂತದ ಅಂತೀರಿ," ಎಂದರು ಕಣ್ಣು ತೆರೆಯದೆ. "ತೋರಸ್ರಿ ನೋಡಾಣು."

ಗೋಡೆಯ ಪರದೆಯ ಮೇಲೆ ಕಾಣುವಂತೆ ಸುಮಧ್ವ ಟೈಪಿಸಿದ: 'ತೂಕಡಿಕೆ ಮಂಟಪ ಎಲ್ಲಿದೆ?'

ಉತ್ತರ ಕೊಡುವ ಮುಂಚೆ ಅಂತರ್ಜಾಲದಲ್ಲಿ ಒಮ್ಮೆ ಇಣುಕಿ ನೋಡುವುದು ಆ ಮಾದರಿಯ ಪದ್ಧತಿ. ಮೊದಲ ಸಲ ಕೇಳಿದಾಗಲೂ ಇಣುಕಿತ್ತು. ಆಗ ಅಲ್ಲಿ ಕಾಣಲು ಏನೂ ಇರಲಿಲ್ಲ. ಈಗ ಬರೆಯಿತು: 'ತೂಕಡಿಕೆ ಮಂಟಪವು ಕಮಲಾಪುರದ ಸಮೀಪವಿರುವ ಜನಪ್ರಿಯ ವಿಶ್ರಾಂತಿ ತಾಣ. ಕಾವಲುಗಾರರು ಇಲ್ಲಿ ನಿದ್ರಿಸುತ್ತಿದ್ದರೆಂಬ ಪ್ರತೀತಿ ಇದೆ. ಮಜ್ಜಿಗೆ ಲಭ್ಯ.' ಕೆಳಗೆ ಕಂಬಕ್ಕೊರಗಿ ಮಲಗಿದ ನಾಗೇಂದ್ರಪ್ಪನವರ ಫೋಟೊ, ಪಕ್ಕದಲ್ಲಿ ಆಡು.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಮೌನದ ಬಗ್ಗೆ ಇನ್ನೂರು ಪುಟ ಬರೆದಿದ್ದ ಸುಮಧ್ವನಿಗೆ ಇಂಥದೊಂದು ಮೌನ ಇದೆಯೆಂದು ತಿಳಿದಿರಲಿಲ್ಲ. ತಿರುಮಲ ಸರ್ ಪೆನ್ನಿನ ಟೋಪಿ ಹಾಕಿದರು.

ಆಗ ಉಚ್ಚೆಂಗಪ್ಪನವರು ನಕ್ಕರು. ಹೊಟ್ಟೆ ಕುಲುಕುವಂತೆ, ಸದ್ದಿಲ್ಲದೆ ನಕ್ಕರು.

"ಸಿದ್ಧಾಂತ ಬಿದ್ದಿಲ್ರಿ. ಮಂಟಪ ಎದ್ದೈತಿ ಅಷ್ಟ. ಮಾದರಿ ಏನೂ ಕಟ್ಟಿಲ್ಲ, ನಿಮ್ಮ ಮಂದಿ ಕಟ್ಟಿದ್ದನ್ನ ಓದೈತಿ. ಮನುಷ್ಯಾರ ಬಗ್ಗೆ ನೀವು ಹೇಳಿದ್ದು ಭಾಳ ವಿಚಾರದ ಮಾತು. ಕುಂದ್ರಿ."

ಸುಮಧ್ವ ಕುಳಿತ. ತಿರುಮಲ ಸರ್ ಪೆನ್ನಿನ ಟೋಪಿ ತೆಗೆದರು. ಶ್ರೀಲಕ್ಷ್ಮೀ ಮೇಡಂ ಚಹಾಕ್ಕೆ ಹೇಳಿದರು. ಬಿಸ್ಕತ್ತು ಬಂದವು. ಮಾತು ಮದುವೆ, ಮಾವಿನಹಣ್ಣು, ಸಂಡೂರಿನ ತಂಪು ಎಂದು ಹಗುರಾಗಿ ತಿರುಗಿತು.

"ಅಂದಂಗ," ಎಂದರು ಉಚ್ಚೆಂಗಪ್ಪನವರು, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, "ಹಗರಿಮಠರ ಮೂರನೇ ನಿಯಮಕ್ಕೂ ನಿಮ್ಮ ವಿಚಾರಕ್ಕೂ ಹತ್ರದ ಸಂಬಂಧ ಕಾಣತೈತಿ. ಓದೀರೇನು?"

ಸುಮಧ್ವ ಆ ಹೆಸರು ಕೇಳಿರಲಿಲ್ಲ. ಎದುರಿಗೆ ಪ್ರಸನ್ನವಾದ ಒಂದು ಮುಖ, ಅದರ ಕೈಕೆಳಗೆ ಸಹಿಯಾಗಬೇಕಾದ ಕಾಗದ. ಒಂದು ವರ್ಷ, ಇಡೀ ಒಂದು ವರ್ಷ, ಆ ಕಾಗದದಲ್ಲಿತ್ತು.

"ಓದೀನ್ರಿ ಸರ್," ಎಂದ. ಇಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. "ಎರಡನೇ ಅಧ್ಯಾಯದಾಗ ಬಳಸಬೇಕು ಅಂತ ಮಾಡೀನಿ."

"ನಾನ ಓದಾಕ ಕೊಟ್ಟಿದ್ದು," ಎಂದರು ತಿರುಮಲ ಸರ್. "ಮೊದಲಿನೆರಡು ಹಂಗ ಹಿಂಗ ಅವ. ಮೂರನೇ ನಿಯಮ ಮಾತ್ರ ಭಾಳ ಗಟ್ಟಿ."

"ಹಗರಿಮಠರು ನಮ್ಮಲ್ಲಿಗೂ ಬಂದಿದ್ರು," ಎಂದರು ಶ್ರೀಲಕ್ಷ್ಮೀ ಮೇಡಂ, ಚಹಾ ಸುರಿಯುತ್ತ. "ಶಾಲು ಹೊದಿಸಿದ್ವಿ. ಎಷ್ಟು ಸರಳ ಮನುಷ್ಯ ಅಂತೀರಿ."

ಉಚ್ಚೆಂಗಪ್ಪನವರು ಬಿಸ್ಕತ್ತು ತಿಂದು ಮುಗಿಸಿದರು. ಕೈ ಒರೆಸಿಕೊಂಡರು.

"ಹಗರಿಮಠ ಅನ್ನೋರು ಯಾರೂ ಇಲ್ರಿ," ಎಂದರು ಮೆಲ್ಲಗೆ. "ಬರೋ ಮುಂದ ಹಗರಿ ಹೊಳಿ ದಾಟಿದ್ವಿ. ಅಲ್ಲೇ ಕಾರಿನಾಗ ಹುಟ್ಟಿಸಿದ್ದು."

ಶ್ರೀಲಕ್ಷ್ಮೀ ಮೇಡಂ ಸುರಿಯುತ್ತಿದ್ದ ಚಹಾ ಕಪ್ಪು ತುಂಬಿ ಬಸಿಗೆ ಬಂತು, ಬಸಿ ತುಂಬಿ ಮೇಜಿಗೆ ಬಂತು. ತಿರುಮಲ ಸರ್ ಗೋಡೆಯ ಮೇಲಿನ ಆಡನ್ನೇ ನೋಡುತ್ತ ಕುಳಿತರು.

"ಬೇಜಾರ ಆಗಬ್ಯಾಡ್ರಿ," ಎಂದರು ಉಚ್ಚೆಂಗಪ್ಪನವರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ಖುಷಿಯಾಗಿದ್ದರು. "ಮೂರಕ್ಕ ಮೂರು. ಇಷ್ಟು ಸ್ವಚ್ಛ ಫಲಿತಾಂಶ ನನ್ನ ನೌಕರಿಯಾಗ ನಾ ಕಂಡಿಲ್ಲ. ಸಿದ್ಧಾಂತ ಒಪ್ಪಿದೆ." ಪೆನ್ನು ತೆಗೆದು ಕಡತದ ಮೇಲೆ ನಿಧಾನವಾಗಿ ಬರೆದರು: 'ತಿದ್ದಿದ ಸಿದ್ಧಾಂತ ಸ್ವೀಕಾರಾರ್ಹ. ಇಂದಿನ ಸಭೆಯ ಪ್ರಯೋಗವನ್ನು ಭಾಗವಹಿಸಿದವರ ಹೆಸರು, ಹುದ್ದೆ ಸಹಿತ ಪ್ರಬಂಧದಲ್ಲಿ ಸೇರಿಸುವ ಷರತ್ತಿನ ಮೇಲೆ ಒಂದು ವರ್ಷದ ವಿಸ್ತರಣೆಗೆ ಒಪ್ಪಿಗೆ.' ಸಹಿ ಮಾಡಿದರು. ಕಡತವನ್ನು ಎಡಕ್ಕೆ, ತಿರುಮಲ ಸರ್ ಮುಂದೆ ಸರಿಸಿದರು. ಕಾರು ಕಾಯುತ್ತಿದೆಯೆಂದು ಎದ್ದು, ಎಲ್ಲರಿಗೂ ಕೈಮುಗಿದು ಹೊರಟರು.

ಅವರ ಕಾರಿನ ಸದ್ದು ದೂರವಾಯಿತು.

"ಸರ್," ಎಂದ ಸುಮಧ್ವ. "ನಿಮ್ಮ ಸಹಿ."

"ಹೆಸರು, ಹುದ್ದೆ ಸಹಿತ," ಎಂದರು ತಿರುಮಲ ಸರ್. "ನಾಳೆ ಇದನ್ನ ನನ್ನ ವಿದ್ಯಾರ್ಥಿಗಳು ಓದ್ತಾರ. ನನ್ನ ಹೆಂಡತಿ ಓದ್ತಾಳ."

"ಹೆಸರು ಬಿಟ್ರ ಅವರು ಒಪ್ಪೂದಿಲ್ಲ ಸರ್. ಷರತ್ತು ಅದ."

"ಹಾಕಿದ್ರ ನಾ ಒಪ್ಪೂದಿಲ್ಲ. ನೀ ಒಂದು ಕೆಲಸ ಮಾಡು. ವಿದ್ವಾಂಸರಿಗೆ ಈ ಸಿದ್ಧಾಂತ ಅನ್ವಯಿಸೂದಿಲ್ಲ ಅಂತ ಒಂದು ಸಾಲು ಸೇರಸು. ಆಮ್ಯಾಲೆ ನೋಡೋಣು."

"ಅದು ಸುಳ್ಳಾಗ್ತದಲ್ಲ ಸರ್."

"ಇಷ್ಟು ದಿನ ಸುಳ್ಳಾದದ್ದಕ್ಕ ನಾ ಯಾವತ್ತರ ಸಹಿ ಇಲ್ಲ ಅಂದೀನೇನು?" ಎಂದು ಗುರುಗಳು ನೋವಿನಿಂದ ಕೇಳಿದರು. ಶ್ರೀಲಕ್ಷ್ಮೀ ಮೇಡಂ ಮೇಜು ಒರೆಸುವುದನ್ನು ನಿಲ್ಲಿಸದೆ, ತಮಗೆ ಬೇರೆ ಸಭೆ ಇದೆ ಎಂದರು.

ಸುಮಧ್ವ ಕಡತ ಎತ್ತಿಕೊಂಡು ಹೊರಬಂದ. ಒಂದು ಸಹಿ ಇತ್ತು, ಎರಡು ಇರಲಿಲ್ಲ. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಹತ್ತಿರ ನಿಜವಾದ ಸಿದ್ಧಾಂತವೊಂದಿತ್ತು. ನೋಂದಣಿ ಮುಗಿಯಲು ಹನ್ನೆರಡು ದಿನ ಉಳಿದಿದ್ದವು.

ಹುಲುಗೇಶ್ ಆಟೋದಿಂದ ಇಳಿದು ಎದುರಿಗೆ ಬಂದ. ಮುಖದಲ್ಲಿ ನಿಜವಾದ ಕಾಳಜಿ ಇತ್ತು.

"ಏನಾತ್ರಿ ಸರ? ವರ್ಷ ಸಿಕ್ತಾ, ಇಲ್ಲಾ?"

ಸುಮಧ್ವ ಕಡತ ತೆರೆದು ಇದ್ದ ಒಂದು ಸಹಿ ನೋಡಿದ, ಮತ್ತೆ ಮುಚ್ಚಿದ.

"ಗೊತ್ತಿಲ್ಲ ಹುಲುಗೇಶ," ಎಂದ.

ಹುಲುಗೇಶ್ ಅವನನ್ನೇ ನೋಡುತ್ತ ನಿಂತ. ಅಂಥ ಉತ್ತರವನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆಟೋ ಹತ್ತಲು ಹೋದ ಸುಮಧ್ವನ ಕಾಲು ಮೆಟ್ಟಿಲ ಮೇಲೆ ಅಲ್ಲೇ ನಿಂತಿತು. ಆ ಮಾತನ್ನು ಯಾರೂ ತಿದ್ದಿ ಕಲಿಸಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಎದುರಿಗೆ ಮುಖವೊಂದು ಕಾಯುತ್ತಿರುವಾಗಲೇ ಅದು ತಾನಾಗಿ ಬಾಯಿಗೆ ಬಂದಿತ್ತು. ದಾಖಲಿಸಿದರೆ, ಉಚ್ಚೆಂಗಪ್ಪನವರು ಸಹಿ ಮಾಡಿದ ಸಿದ್ಧಾಂತ ಅರ್ಧ ಗಂಟೆಗೇ ಬಿದ್ದಂತೆ.

ಪೆನ್ನು ಜೇಬಿನಲ್ಲೇ ಇತ್ತು. ಅವನ ಕೈ ಅಲ್ಲಿಯವರೆಗೆ ಹೋಯಿತು. ಆಮೇಲೆ ಪೆನ್ನು ತೆಗೆಯದೆ ಹಾಗೇ ಕೆಳಗಿಳಿಯಿತು, ಅವನು ಆಟೋ ಹತ್ತಿ ಕುಳಿತ.

"ಸಿಕ್ಕಿರ್ತೈತಿ ತಗೋರಿ ಸರ," ಎಂದ ಹುಲುಗೇಶ್, ಆಟೋ ಚಾಲು ಮಾಡುತ್ತ. "ಇಂಥಾವ್ ಹೆಂಗಾಗ್ತಾವ ಅಂತ ನಂಗ ಗೊತ್ತೈತಿ, ಹೇಳ್ತೀನಿ ಕೇಳ್ರಿ."

ಚಿತ್ತವಾಡ್ಗಿ ಮುಟ್ಟುವವರೆಗೂ ಅವನು ಹೇಳುತ್ತಲೇ ಇದ್ದ.